ಮಾಂಸ ಬಿಟ್ಟ 28 ದಿನ: ಕಷ್ಟ ಕೊಟ್ಟಿದ್ದು ಹಾಲು

ಮಗಳು ವೀಗನ್ ಆಗಿ, ಅಂದರೆ ಮಾಂಸ, ಮೊಟ್ಟೆ, ಹಾಲು ಹೀಗೆ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಟ್ಟು, ಎಂಟು ತಿಂಗಳಾಗಿತ್ತು. ರಜೆಗೆ ಬಂದಾಗ ಒಟ್ಟಿಗೇ ಊಟಕ್ಕೆ ಕೂರುತ್ತಿದ್ದೆವು, ಆದರೆ ನಾನು ಮಾಡಿದ್ದರಲ್ಲಿ ಅವಳು ತಿನ್ನುವಂಥದ್ದು ಏನೂ ಇರುತ್ತಿರಲಿಲ್ಲ. ತಾನೇ ಏನೋ ಒಂದಿಷ್ಟು ಬೇಯಿಸಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಅಡುಗೆ ಮಾಡುವವನು ನಾನು. ಮಗಳಿಗೆ ಹೊಟ್ಟೆ ತುಂಬ ಊಟ ಹಾಕಲು ನನಗೆ ಬರುತ್ತಿಲ್ಲವಲ್ಲ ಅಂತ ನಿಜಕ್ಕೂ ಸಂಕಟವಾಗುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಮಾಂಸ ಬಿಟ್ಟಿದ್ದು ಸರಿ. ಹಾಲು ಯಾಕೆ ಬಿಟ್ಟೆ?"

"ಹಸು ಕರು ಹಾಕಿದ್ರೆ ತಾನೇ ಹಾಲು ಬರೋದು? ಹುಟ್ಟಿದ್ದು ಗಂಡು ಕರು ಆದ್ರೆ ಅದಕ್ಕೆ ಏನಾಗುತ್ತೆ ಅಪ್ಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "28 ದಿನ ನೀನು ಏನು ತಿನ್ತೀಯೋ ಅದನ್ನೇ ನಾನೂ ತಿನ್ತೀನಿ" ಅಂದೆ. "ನನಗೋಸ್ಕರ ಬೇಡಪ್ಪ" ಅಂದಳು. "ನಿನಗೋಸ್ಕರಾನೇ" ಅಂದೆ.

ನಾನು ವಾರಕ್ಕೆ ಐದು ದಿನ ಮಾಂಸ ತಿನ್ನುತ್ತಿದ್ದವನು. ಉಳಿದ ಎರಡು ದಿನ ಮೊಟ್ಟೆ. ಹಾಗಾಗಿ ಮಾಂಸ ಬಿಡೋದೇ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಆದರೆ ವೀಗನ್ ಅನ್ನುವ ಪದ ಹುಟ್ಟಿದ್ದೇ ಹಾಲಿನ ವಿಷಯಕ್ಕೆ. 1944ರಲ್ಲಿ ಬ್ರಿಟನ್ನಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವರು ಸೇರಿ ವೀಗನ್ ಸೊಸೈಟಿ ಕಟ್ಟಿದರು. ಅವರೆಲ್ಲ ಮೊದಲೇ ಸಸ್ಯಾಹಾರಿಗಳು. ಹಾಲು, ಮೊಟ್ಟೆಯನ್ನೂ ಬಿಟ್ಟವರಿಗೆ ಬೇರೆ ಹೆಸರು ಬೇಕಾಗಿತ್ತು, ಅಷ್ಟೇ. ಅವರಿಗೆ ಮಾಂಸ ಎಂದೋ ಮುಗಿದ ಮಾತು. ನಿಜವಾದ ಕಷ್ಟ ಹಾಲಿನದೇ ಅಂತ ನನಗೂ ಮೊದಲ ವಾರ ಮುಗಿಯುವ ಹೊತ್ತಿಗೆ ಅರ್ಥವಾಯಿತು.

ಮೊದಲ ನಾಲ್ಕು ದಿನ ದೊಡ್ಡ ತಪ್ಪು ಮಾಡಿದೆ. ಮಾಮೂಲಿ ಊಟದಿಂದ ಮಾಂಸ ತೆಗೆದೆ, ಉಳಿದದ್ದನ್ನು ತಿಂದೆ. ಅನ್ನ, ತರಕಾರಿ, ಹಣ್ಣು. ತಿನ್ನುವಾಗ ಹೊಟ್ಟೆ ತುಂಬಿತು ಅನ್ನಿಸುತ್ತಿತ್ತು. ಸಂಜೆ ನಾಲ್ಕಕ್ಕೆ ಕೈ ನಡುಗುವಷ್ಟು ಹಸಿವು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಐದನೇ ದಿನ ಕಾಗದ ಪೆನ್ನು ಹಿಡಿದು ಕೂತೆ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ ಎಷ್ಟು ಪ್ರೋಟೀನ್ ಬೇಕು ಅನ್ನುವುದಕ್ಕೆ ಸಾಮಾನ್ಯ ಲೆಕ್ಕ, ಒಂದು ಕಿಲೋ ತೂಕಕ್ಕೆ 0.8 ಗ್ರಾಂ. ನನ್ನ ತೂಕ 75 ಕಿಲೋ, ಅಂದರೆ 60 ಗ್ರಾಂ ಬೇಕು. ನನ್ನ ತಟ್ಟೆಯಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಬೇಯಿಸಿದ ಬೇಳೆ 100 ಗ್ರಾಂನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್ ಇರುತ್ತದೆ. ಒಣ ಸೋಯಾ ಚಂಕ್ಸ್‌ನಲ್ಲಿ ತೂಕದ ಅರ್ಧದಷ್ಟು ಪ್ರೋಟೀನೇ. ಶೇಂಗಾ 100 ಗ್ರಾಂನಲ್ಲಿ 25 ಗ್ರಾಂ. ಅವತ್ತಿನಿಂದ ಅಡುಗೆಯ ಕ್ರಮವನ್ನೇ ಬದಲಿಸಿದೆ. ಮೊದಲು ಇವತ್ತು ಯಾವ ಕಾಳು, ಯಾವ ಬೇಳೆ ಅಂತ ತೀರ್ಮಾನ. ಆಮೇಲೆ ತರಕಾರಿ. ಕೊನೆಗೆ ಅನ್ನ ಅಥವಾ ಬ್ರೆಡ್. ಮಾಂಸದ ಅಡುಗೆ ಮಾಡುವಾಗ ನಾವು ಯೋಚಿಸೋದೂ ಹೀಗೇ ಅಲ್ವಾ? ಮೊದಲು ಮಾಂಸ, ಉಳಿದದ್ದೆಲ್ಲ ಅದರ ಸುತ್ತ. ಆ ಜಾಗಕ್ಕೆ ಕಾಳು ಬಂದಮೇಲೆ ನಾಲ್ಕು ಗಂಟೆಯ ಹಸಿವು ಎರಡೇ ದಿನದಲ್ಲಿ ನಿಂತಿತು.

ಹಸಿವು ನಿಂತರೂ ರುಚಿಯ ಕೊರತೆ ಹಾಗೇ ಇತ್ತು. ಬಾಯಿಗೆ ಏನೋ ಸಾಲದು ಅನ್ನಿಸುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಸಾಲದೇ ಇದ್ದದ್ದು ಉಮಾಮಿ, ಮಾಂಸದ ಸಾರಿನಲ್ಲಿ ಸಿಗುವಂಥ ಗಾಢ ರುಚಿ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿ ಹೆಸರಿಟ್ಟ ರುಚಿ ಅದು. ಅವರು ಅದನ್ನು ತೆಗೆದದ್ದು ಮಾಂಸದಿಂದಲ್ಲ, ಕಡಲ ಪಾಚಿಯಿಂದ. ಇದನ್ನು ಓದಿದಾಗ ನನಗೆ ದಾರಿ ಸಿಕ್ಕಂತಾಯಿತು. ನನಗೆ ಬೇಕಾದ ರುಚಿ ಮಾಂಸದಲ್ಲಿ ಮಾತ್ರ ಇಲ್ಲ, ಅಣಬೆಯಲ್ಲಿದೆ, ಟೊಮ್ಯಾಟೋದಲ್ಲಿದೆ, ಸೋಯಾ ಸಾಸ್‌ನಲ್ಲಿದೆ. ಅದನ್ನು ಹೊರಗೆ ತರುವ ಕೆಲಸ ಬೆಂಕಿಯದು.

ಅಣಬೆ ಹುರಿಯೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಇಷ್ಟು ವರ್ಷ ನಾನು ಅದನ್ನು ತಪ್ಪಾಗೇ ಮಾಡಿದ್ದೆ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಬೇಕು. ಎಣ್ಣೆ ಇನ್ನೂ ಬೇಡ. ಅಣಬೆ ಒಂದರ ಮೇಲೊಂದು ಬೀಳದ ಹಾಗೆ ಹರಡಬೇಕು, ಜಾಸ್ತಿ ಇದ್ದರೆ ಎರಡು ಸಲ ಮಾಡಿ. ಎರಡು ನಿಮಿಷಕ್ಕೆ ನೀರು ಬಿಡುತ್ತದೆ, ಬಾಣಲೆ ತುಂಬ ಚುಯ್ ಅಂತ ಸದ್ದು. ಆಗ ಕೈಯಾಡಿಸಬಾರದು. ನೀರೆಲ್ಲ ಹಿಂಗಿದ ಮೇಲೆ ಸದ್ದು ಬದಲಾಗುತ್ತದೆ, ಪಟಪಟ ಅನ್ನಲು ಶುರುವಾಗುತ್ತದೆ. ಎಣ್ಣೆ ಹಾಕುವ ಹೊತ್ತು ಅದೇ. ಅಂಚು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಉಪ್ಪು, ಒಂದು ಚಮಚ ಸೋಯಾ ಸಾಸ್, ಮೆಣಸಿನ ಪುಡಿ. ಉಪ್ಪು ಮೊದಲೇ ಹಾಕಿದರೆ ನೀರು ಬೇಗ ಬಿಟ್ಟುಕೊಂಡು ಅದರಲ್ಲೇ ಬೇಯಲು ಶುರುವಾಗುತ್ತದೆ. ಹೀಗೆ ಹುರಿದ ಅಣಬೆಯನ್ನು ಮೊದಲ ಸಲ ಬಾಯಿಗಿಟ್ಟಾಗ ಮಗಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಣಲೆಯಲ್ಲೇ ಖಾಲಿಯಾಯಿತು.

ತೋಫು, ಅಂದರೆ ಸೋಯಾ ಹಾಲಿನಿಂದ ಮಾಡುವ ಪನೀರ್ ಥರದ್ದು, ಇಷ್ಟವಾಗಲಿಲ್ಲ ಅನ್ನುವವರಿಗೆ ಒಂದೇ ಮಾತು. ಅದನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟು, ಮಾರನೇ ದಿನ ಕರಗಿಸಿ, ಬಟ್ಟೆಯಲ್ಲಿ ಸುತ್ತಿ ಮೇಲೆ ಭಾರ ಇಟ್ಟು ನೀರು ತೆಗೆಯಿರಿ. ಒಳಗೆಲ್ಲ ಸಣ್ಣ ಸಣ್ಣ ತೂತು ಬಿದ್ದು ಸ್ಪಂಜಿನ ಹಾಗಾಗುತ್ತದೆ, ಮಸಾಲೆ ಒಳಗಿನ ತನಕ ಹೀರಿಕೊಳ್ಳುತ್ತದೆ. ಅಗಿಯಲು ಗಟ್ಟಿಯಾಗಿಯೂ ಸಿಗುತ್ತದೆ. ಮಾಂಸ ತಿಂದು ಅಭ್ಯಾಸ ಇರುವವರ ಹಲ್ಲಿಗೆ ಅದೇ ಬೇಕು.

ಇನ್ನು ಹಾಲು. ಬೆಳಗ್ಗೆ ಎದ್ದ ಕೂಡಲೇ ಕಾಫಿ. ಮೊದಲ ದಿನ ಸೋಯಾ ಹಾಲು ಸುರಿದೆ, ಲೋಟದೊಳಗೇ ಒಡೆಯಿತು. ಬಿಳಿ ಚೂರುಗಳು ಮೇಲೆ ತೇಲಿದವು. ಕಾಫಿಗೆ ಸ್ವಲ್ಪ ಹುಳಿ ಗುಣ ಇದೆ, ಜೊತೆಗೆ ಸುಡುವ ಬಿಸಿ. ಎರಡೂ ಸೇರಿದರೆ ಸೋಯಾ ಪ್ರೋಟೀನ್ ಗಟ್ಟಿಯಾಗುತ್ತದೆ. ತೋಫು ಮಾಡುವುದೂ ಹೆಚ್ಚು ಕಡಿಮೆ ಇದೇ ತಂತ್ರದಿಂದ. ಆಮೇಲೆ ಕಲಿತೆ: ಸೋಯಾ ಹಾಲನ್ನು ಮೊದಲೇ ಬಿಸಿ ಮಾಡಿ ಲೋಟಕ್ಕೆ ಹಾಕಬೇಕು, ಕಾಫಿಯನ್ನು ಒಂದು ನಿಮಿಷ ಆರಲು ಬಿಟ್ಟು ಸಣ್ಣಗೆ ಸುರಿಯಬೇಕು. ಓಟ್ಸ್ ಹಾಲು ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ರುಚಿಯೂ ಹತ್ತಿರ. ಆದರೆ ಅದರಲ್ಲಿ ಪ್ರೋಟೀನ್ ಸೋಯಾ ಹಾಲಿಗಿಂತ ತುಂಬಾ ಕಡಿಮೆ. ಕಾಫಿಗೆ ಓಟ್ಸ್, ಉಳಿದದ್ದಕ್ಕೆಲ್ಲ ಸೋಯಾ ಅಂತ ಇಟ್ಟುಕೊಂಡೆ. ಕ್ಯಾಲ್ಸಿಯಂ ಸೇರಿಸಿದ ಹಾಲಾದರೆ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿಯೇ ಸುರಿಯಿರಿ. ಕ್ಯಾಲ್ಸಿಯಂ ತಳಕ್ಕೆ ಕೂತುಬಿಡುತ್ತದೆ.

ಕಾಫಿ ಹೇಗೋ ಆಯಿತು. ಆದರೆ ಹಾಲು ಕಣ್ಣಿಗೆ ಕಾಣದ ಕಡೆಯೆಲ್ಲ ಇತ್ತು. ಬಿಸ್ಕತ್ತಿನಲ್ಲಿ ಹಾಲಿನ ಪುಡಿ, ಮಸಾಲೆ ಚಿಪ್ಸ್‌ನಲ್ಲಿ ವೇ ಪೌಡರ್ (ಹಾಲು ಒಡೆದಾಗ ಉಳಿಯುವ ನೀರಿನ ಪುಡಿ), ಬ್ರೆಡ್ಡಿನಲ್ಲಿ ಬೆಣ್ಣೆ, "ಕ್ರೀಮರ್" ಅಂತ ಬರೆದ ಪುಡಿಯಲ್ಲಿ ಕೇಸಿನ್. ಕೇಸಿನ್ ಅಂದರೆ ಹಾಲಿನದೇ ಪ್ರೋಟೀನ್. ಲೇಬಲ್ ಓದುತ್ತಾ ಅಂಗಡಿಯಲ್ಲಿ ಒಂದು ಗಂಟೆ ನಿಂತಿದ್ದೆ. ಜೆಲ್ಲಿ ಮಿಠಾಯಿಯ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಇ120 ಅನ್ನುವ ಕೆಂಪು ಬಣ್ಣ ಬರೋದು ಒಂದು ಜಾತಿಯ ಹುಳದಿಂದ. ಎಷ್ಟೋ ವಿಟಮಿನ್ ಡಿ3 ಮಾತ್ರೆಗಳ ಮೂಲ ಕುರಿ ಉಣ್ಣೆಯ ಜಿಡ್ಡು. ಓದುತ್ತಾ ಓದುತ್ತಾ ಸುಸ್ತಾಗಿ ಮಗಳಿಗೆ ಫೋನ್ ಮಾಡಿದೆ. "ಪ್ಯಾಕೆಟ್ ತಗೊಳ್ಳೋದನ್ನೇ ಕಡಿಮೆ ಮಾಡಪ್ಪ, ಓದೋದೂ ಕಡಿಮೆಯಾಗುತ್ತೆ" ಅಂದಳು. ನೂರಕ್ಕೆ ನೂರು ನಿಜ. ಅವತ್ತಿನಿಂದ ಬುಟ್ಟಿಯಲ್ಲಿ ಕಾಳು, ತರಕಾರಿ, ಹಣ್ಣು, ಬೀಜಗಳೇ ಜಾಸ್ತಿ. ವೀಗನ್ ಚೀಸ್ ಒಂದು ಸಲ ತಂದೆ. ಅದರಲ್ಲಿ ಇದ್ದದ್ದು ಹೆಚ್ಚಾಗಿ ನೀರು, ಕೊಬ್ಬರಿ ಎಣ್ಣೆ ಮತ್ತು ಪಿಷ್ಟ, ಪ್ರೋಟೀನ್ ಇಲ್ಲವೇ ಇಲ್ಲ. ಮತ್ತೆ ತರಲಿಲ್ಲ.

ಹೊಟ್ಟೆಯ ವಿಷಯ ಮುಚ್ಚಿಡೋದು ಬೇಡ. ಎರಡನೇ ವಾರ ಉಬ್ಬರ, ಗ್ಯಾಸ್. ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಅದನ್ನು ತಿಂದು ಗ್ಯಾಸ್ ಮಾಡುತ್ತವೆ. ಕಾಳನ್ನು ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಲು ಶುರು ಮಾಡಿದೆ. ಮೊದಲು ಸಣ್ಣ ಬಟ್ಟಲು, ಆಮೇಲೆ ದೊಡ್ಡದು. ಹತ್ತು ದಿನದಲ್ಲಿ ಹೊಟ್ಟೆ ಒಗ್ಗಿಕೊಂಡಿತು. ರಾಜ್ಮಾ ಮಾಡುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಅರೆಬೆಂದ ರಾಜ್ಮಾ ವಿಷ, ವಾಂತಿ ಭೇದಿ ಆಗುತ್ತದೆ. ನೆನೆಸಿ, ನೀರು ಚೆಲ್ಲಿ, ಕೊತಕೊತ ಕುದಿಸಿಯೇ ಬೇಯಿಸಬೇಕು. ಸಣ್ಣ ಉರಿಯಲ್ಲಿ ಸುಮ್ನೆ ಬಿಸಿ ಮಾಡಿದರೆ ಸಾಲದು.

ಈ 28 ದಿನದಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಅಡುಗೆಯದಲ್ಲ. ಹತ್ತನೇ ದಿನ ಪೋಷಕಾಂಶಗಳ ಬಗ್ಗೆ ಓದುತ್ತಿದ್ದೆ. ಗಿಡಗಳಲ್ಲಿ ಸಿಗದ ಒಂದು ವಿಟಮಿನ್ ಬಿ12. ಅದನ್ನು ತಯಾರಿಸೋದು ಬ್ಯಾಕ್ಟೀರಿಯಾ, ನಮಗೆ ಬರೋದು ಮಾಂಸ, ಹಾಲು, ಮೊಟ್ಟೆಯಿಂದ. ನನ್ನಂಥ ಮಾಂಸಾಹಾರಿಗೆ ಒಂದು ತಿಂಗಳು ತಿನ್ನದಿದ್ದರೆ ಏನೂ ಆಗಲ್ಲ, ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಸಂಗ್ರಹ ಇರುತ್ತದೆ. ನನ್ನ ಚಿಂತೆ ಬೇರೆ.

"ಬಿ12 ತಗೋತಿದ್ದೀಯಾ?" ಅಂತ ಮಗಳನ್ನು ಕೇಳಿದೆ.

ಸುಮ್ಮನಿದ್ದಳು. ಆಮೇಲೆ, "ಸ್ಪಿರುಲಿನಾ ಪುಡಿ ತಿನ್ತಿದ್ದೀನಲ್ಲ" ಅಂದಳು.

ಸ್ಪಿರುಲಿನಾ ಅಂದರೆ ನೀರಿನಲ್ಲಿ ಬೆಳೆಯುವ ಒಂದು ಥರದ ಪಾಚಿ. ಅದರಲ್ಲಿ ಇರುವುದು ಬಹುಪಾಲು ಬಿ12 ಥರ ಕಾಣುವ ಬೇರೆ ವಸ್ತು. ನಮ್ಮ ದೇಹಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಮಾರನೇ ದಿನವೇ ರಕ್ತ ಪರೀಕ್ಷೆ ಮಾಡಿಸಿದೆವು. ಅವಳ ಬಿ12 ಕೆಳಗಿನ ಮಿತಿಗಿಂತ ಸ್ವಲ್ಪ ಕಮ್ಮಿಯೇ ಇತ್ತು. ಬಿ12 ಕೊರತೆ ತುಂಬಾ ದಿನ ಎಳೆದರೆ ನರಗಳಿಗೆ ಪೆಟ್ಟು, ಕೆಲವು ಸಲ ಅದು ಸರಿಹೋಗುವುದೂ ಇಲ್ಲ. ಸೊಪ್ಪು, ಕಾಳು ಜಾಸ್ತಿ ತಿನ್ನುವವರಿಗೆ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಚೆನ್ನಾಗಿ ಸಿಗುತ್ತದೆ, ಹಾಗಾಗಿ ಬಿ12 ಕೊರತೆಯ ಗುರುತಾದ ರಕ್ತಹೀನತೆ ಕಾಣಿಸಿಕೊಳ್ಳದೆಯೂ ಇರಬಹುದು. ಒಳಗೆ ನರಕ್ಕೆ ಆಗುವುದು ಆಗುತ್ತಲೇ ಇರುತ್ತದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ದೂರ ನಿಂತು ಬೇಜಾರು ಮಾಡಿಕೊಂಡೇ ಇದ್ದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು? ಕೊರತೆ ತುಂಬಲು ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಮುಂದಕ್ಕೆ ವೀಗನ್ ಸೊಸೈಟಿಯ ಸಲಹೆಯಂತೆ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ. ಅವಳು ವಾರಕ್ಕೊಮ್ಮೆಯದನ್ನು ಆರಿಸಿಕೊಂಡಳು. ನೀವು ವೀಗನ್ ಊಟವನ್ನು ಕೆಲವು ತಿಂಗಳು ಮುಂದುವರಿಸುವವರಾದರೆ ಇದನ್ನು ದಯವಿಟ್ಟು ಬಿಡಬೇಡಿ.

ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತಲಿ ಅಂತ ಕಾಳಿನ ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುತ್ತಿದ್ದೆ, ಕಾಫಿಯನ್ನು ಊಟಕ್ಕಿಂತ ಒಂದು ಗಂಟೆ ದೂರ ಇಟ್ಟೆ. ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬಿಗೆ ದಿನಾ ಒಂದು ಚಮಚ ಅಗಸೆ ಬೀಜದ ಪುಡಿ. ಇಡೀ ಬೀಜ ಹಾಗೇ ತಿಂದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಲೇಬೇಕು.

ನನ್ನ ರಕ್ತ ಪರೀಕ್ಷೆಯನ್ನೂ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮಾಡಿಸಿದೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 142 ಇದ್ದದ್ದು 125ಕ್ಕೆ ಇಳಿದಿತ್ತು. ನನ್ನೊಬ್ಬನ ಲೆಕ್ಕದಿಂದ ಏನನ್ನೂ ಹೇಳಲಾಗದು. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 22 ಜೋಡಿ ತದ್ರೂಪಿ ಅವಳಿಗಳ ಮೇಲೆ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ಜೋಡಿಯಲ್ಲಿ ಒಬ್ಬರಿಗೆ ವೀಗನ್ ಊಟ, ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟ, ಎಂಟು ವಾರ. ವೀಗನ್ ಕಡೆಯವರ ಎಲ್‌ಡಿಎಲ್ ಜಾಸ್ತಿ ಇಳಿಯಿತು. ಇದನ್ನು ನಾನು ಗಂಭೀರವಾಗಿ ತಗೊಂಡೆ. ಸಕ್ಕರೆ ಕಾಯಿಲೆಗೋ ಬಿಪಿಗೋ ಔಷಧಿ ತಗೊಳ್ಳುವವರು ಮಾತ್ರ ಮೊದಲು ಡಾಕ್ಟರಿಗೆ ಹೇಳಿ ಶುರು ಮಾಡಿ.

29ನೇ ದಿನ ಕೋಳಿ ಮಾಡಿದೆ. ರುಚಿ ಹಿಂದಿನಂತೆಯೇ ಇತ್ತು, ಇಷ್ಟಪಟ್ಟೇ ತಿಂದೆ. ಆದರೆ ಅರ್ಧಕ್ಕೇ ಸಾಕೆನ್ನಿಸಿತು. ಈಗ ವಾರಕ್ಕೆ ಎರಡು ದಿನ ಮಾತ್ರ ಮಾಂಸ. ಮೊಸರು ಬಿಡಲು ನನ್ನಿಂದ ಆಗಲಿಲ್ಲ, ಅದನ್ನು ಮಗಳಿಗೆ ನೇರವಾಗಿ ಹೇಳಿದ್ದೇನೆ. ಗಂಡು ಕರುವಿನ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿದೆ. ಕಾಫಿಗೆ ಮಾತ್ರ ಓಟ್ಸ್ ಹಾಲೇ ಉಳಿದುಕೊಂಡಿದೆ.

ಭಾನುವಾರ ಸಂಜೆ ಅವಳಿಗೆ ಫೋನ್ ಮಾಡುತ್ತೇನೆ. "ಮಾತ್ರೆ ತಗೊಂಡ್ಯಾ?" ಅಂತ ಮೊದಲು ನಾನು ಕೇಳುತ್ತೇನೆ. "ಕಾಳು ನೆನೆ ಹಾಕಿದ್ಯಾ ಅಪ್ಪ?" ಅಂತ ಅವಳು ಕೇಳುತ್ತಾಳೆ.