ಟೈಲ್ಸ್ ಮೇಸ್ತ್ರಿಯನ್ನು ಗೊತ್ತು ಮಾಡುವ ಮುಂಚೆ

ಆರು ವರ್ಷದ ಹಿಂದೆ ಶಿರಸಿ ಹತ್ತಿರದ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸಿದೆವು. ಕೆಲಸ ಮುಗಿದ ದಿನ ನೆಲ ಫಳಫಳ ಹೊಳೆಯುತ್ತಿತ್ತು. ನೋಡಿದವರೆಲ್ಲ ಚಂದ ಆಗಿದೆ ಅಂದರು. ಎರಡೇ ದಿನದಲ್ಲಿ ವಿಷಯ ಗೊತ್ತಾಯಿತು. ಚೆಲ್ಲಿದ ನೀರು ಮೋರಿಯ ಕಡೆ ಹೋಗುತ್ತಿಲ್ಲ, ಬಾಗಿಲ ಕಡೆ ಬರುತ್ತಿದೆ. ಮೇಸ್ತ್ರಿಗೆ ಫೋನ್ ಮಾಡಿದರೆ "ಒಣಗಿದ ಮೇಲೆ ಎಲ್ಲಾ ಸರಿಯಾಗ್ತದೆ ಅಕ್ಕಾ" ಅಂದರು. ನೆಲ ಒಣಗಿತು, ನೀರು ಮಾತ್ರ ದಾರಿ ಬದಲಿಸಲಿಲ್ಲ. ಆ ಮಳೆಗಾಲದಲ್ಲಿ ಅತ್ತೆ ಹೊಸ್ತಿಲ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡರು. ಆಮೇಲೆ ಇಡೀ ನೆಲ ಕಿತ್ತು ಮತ್ತೆ ಮಾಡಿಸಿದೆವು.

ತಪ್ಪು ಟೈಲ್ಸಿನದ್ದಲ್ಲ. ಅದನ್ನು ಆರಿಸಲು ನಾಲ್ಕು ಅಂಗಡಿ ಸುತ್ತಿದ್ದೆವು. ಮೇಸ್ತ್ರಿಯನ್ನು ಒಂದೇ ಫೋನಿನಲ್ಲಿ ಗೊತ್ತು ಮಾಡಿದ್ದೆವು. ಎಷ್ಟೋ ಮನೆಗಳಲ್ಲಿ ಆಗುವುದು ಹೀಗೆಯೇ ಅಲ್ವಾ? ಆ ಮೇಲೆ ನಮ್ಮ ಮನೆಯಲ್ಲಿ ಎರಡು ಕೋಣೆ, ಕಾರವಾರದ ತಂಗಿ ಮನೆಯಲ್ಲಿ ಅಡುಗೆಮನೆ ಮತ್ತು ಬಚ್ಚಲು, ಇಷ್ಟು ಕೆಲಸವನ್ನು ಹತ್ತಿರ ನಿಂತು ಮಾಡಿಸಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕಾಲ ನೋಡಿ

ನಮ್ಮ ಜಿಲ್ಲೆಯಲ್ಲಿ ಮನೆ ಕೆಲಸಕ್ಕೆ ಮಳೆಯೇ ಪಂಚಾಂಗ. ಮೃಗಶಿರ ಮಳೆ ಹಿಡಿದ ಮೇಲೆ ಮರಳು ಒದ್ದೆ, ಗೋಡೆ ಒದ್ದೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ. ಟೈಲ್ಸ್ ಕತ್ತರಿಸುವ ಯಂತ್ರಕ್ಕೆ ಕರೆಂಟ್ ಬೇಕೇ ಬೇಕು. ಬೇಸಿಗೆ ಒಳ್ಳೆಯದು ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಉಪನಯನ ಇರುವ ಮನೆಯವರೆಲ್ಲ ಒಂದೇ ಸಲ ಮೇಸ್ತ್ರಿಗಳ ಹಿಂದೆ ಬೀಳುತ್ತಾರೆ. ಒಳ್ಳೆಯವರು ಸಿಗುವುದಿಲ್ಲ, ಸಿಕ್ಕವರು ಎರಡು ಮನೆ ಕೆಲಸ ಒಟ್ಟಿಗೆ ಹಿಡಿದಿರುತ್ತಾರೆ. ಘಟ್ಟದ ಮೇಲಿನವರಿಗೆ ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಬೇರೆ. ದೀಪಾವಳಿ ಕಳೆಯುತ್ತಿದ್ದಂತೆ ಮಾತಾಡಿಟ್ಟುಕೊಂಡು, ಕೊಯ್ಲು ಮುಗಿದ ಮೇಲೆ ಕೆಲಸ ಶುರು ಮಾಡಿಸುವುದು ನಮಗೆ ಅನುಕೂಲವಾಗಿದೆ.

ಗೋಡೆಯಲ್ಲಿ ತೇವ ಇದೆಯೋ ಎಂದು ಮಳೆಗಾಲದಲ್ಲೇ ನೋಡಿಟ್ಟುಕೊಳ್ಳಿ. ಚಿರೆಕಲ್ಲಿನ ಗೋಡೆ ನೀರು ಕುಡಿಯುತ್ತದೆ. ತೇವ ಮುಚ್ಚಲು ಟೈಲ್ಸ್ ಹಾಕಿಸಿದರೆ ಅದು ಹೋಗುವುದಿಲ್ಲ, ಟೈಲ್ಸಿನ ಹಿಂದಿನಿಂದ ಇನ್ನೂ ಮೇಲೆ ಏರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವುದು ಮೊದಲ ಕೆಲಸ.

ಯಾರನ್ನು ಕೇಳಬೇಕು

ಗಾರೆ ಕೆಲಸದ ಮೇಸ್ತ್ರಿ ಬೇರೆ, ಟೈಲ್ಸ್ ಮೇಸ್ತ್ರಿ ಬೇರೆ. ಎರಡನ್ನೂ ಚೆನ್ನಾಗಿ ಮಾಡುವವರು ಇದ್ದಾರೆ, ಆದರೆ ಕಡಿಮೆ. ಟೈಲ್ಸ್ ಅಂಗಡಿಯವರು ಒಂದೆರಡು ನಂಬರ್ ಕೊಡುತ್ತಾರೆ. ತಗೊಳ್ಳಿ. ನೆಂಟರು, ನೆರೆಯವರನ್ನೂ ಕೇಳಿ. ನನ್ನ ಮಟ್ಟಿಗೆ ಹೆಚ್ಚು ತೂಕ ಇರುವುದು ಪ್ಲಂಬರ್ ಮಾತಿಗೆ. ಯಾರು ಹಾಕಿದ ಬಚ್ಚಲು ಸೋರುತ್ತದೆ, ಯಾರದು ಸೋರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ರಿಪೇರಿಗೆ ಹೋಗುವವರು ಅವರೇ ತಾನೇ.

ಎರಡು ಮೂರು ಹೆಸರು ಸಿಕ್ಕಿದ ಮೇಲೆ ಫೋಟೊ ನೋಡಿ ತೀರ್ಮಾನ ಮಾಡಬೇಡಿ. ಫೋಟೊದಲ್ಲಿ ಎಲ್ಲ ನೆಲವೂ ಚಂದ. ಅವರು ಟೈಲ್ಸ್ ಹಾಕಿ ಒಂದು ಮಳೆಗಾಲ ಕಳೆದಿರುವ ಮನೆ ಯಾವುದು ಎಂದು ಕೇಳಿ, ಅಲ್ಲಿಗೇ ಹೋಗಿ. ನಮ್ಮ ಕಡೆ ಮನೆ ತೋರಿಸಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಚಹಾವನ್ನೂ ಕೊಟ್ಟು ಕಳಿಸುತ್ತಾರೆ.

ಅಲ್ಲಿ ನೋಡಬೇಕಾದದ್ದು ಇಷ್ಟು. ಬಚ್ಚಲಿನಲ್ಲಿ ಬಾಗಿಲ ಹತ್ತಿರ ಒಂದು ತಂಬಿಗೆ ನೀರು ಚೆಲ್ಲಿ. ಅದು ಎಲ್ಲೂ ನಿಲ್ಲದೆ ಮೋರಿಗೆ ಹೋಗಬೇಕು. ಒಂದು ನಾಣ್ಯ ಹಿಡಿದು ಟೈಲ್ಸಿನ ನಡುವೆ ಮತ್ತು ನಾಲ್ಕು ಮೂಲೆಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಖಾಲಿ ಇದೆ ಎಂದು ಅರ್ಥ. ಎರಡು ಟೈಲ್ಸ್ ಸೇರುವಲ್ಲಿ ಬರಿಗಾಲು ಆಡಿಸಿ. ಅಂಚು ಎಡವುವ ಹಾಗಿರಬಾರದು. ಬಾಗಿಲ ಚೌಕಟ್ಟಿನ ಬುಡ, ನಲ್ಲಿ ಬರುವ ತೂತು, ಮೆಟ್ಟಿಲ ಅಂಚು ಇವನ್ನೂ ನೋಡಿ. ನಡು ಕೋಣೆಯಲ್ಲಿ ಎಲ್ಲರೂ ಚೆನ್ನಾಗಿ ಹಾಕುತ್ತಾರೆ. ಮೇಸ್ತ್ರಿಯ ಕೈ ಗೊತ್ತಾಗುವುದು ಮೂಲೆಯಲ್ಲಿ.

ಮನೆಗೆ ಕರೆಸಿ ಮಾತಾಡುವಾಗ

ರೇಟ್ ಕೇಳುವ ಮೊದಲು ಜಾಗ ತೋರಿಸಿ, ಸುಮ್ನೆ ನೋಡುತ್ತಾ ಇರಿ. ಒಳ್ಳೆಯ ಮೇಸ್ತ್ರಿ ಬಂದ ಕೂಡಲೇ ಚದರ ಅಡಿ ಲೆಕ್ಕಕ್ಕೆ ಕೂರುವುದಿಲ್ಲ. ಹಳೆ ನೆಲ ತಟ್ಟುತ್ತಾರೆ, ಬಾಗಿಲು ಎಷ್ಟು ಎತ್ತರದಲ್ಲಿ ತೆರೆಯುತ್ತದೆ ನೋಡುತ್ತಾರೆ, ಮೋರಿ ಎಲ್ಲಿ ಎಂದು ಕೇಳುತ್ತಾರೆ. ಹಳೆ ನೆಲದ ಮೇಲೇ ಟೈಲ್ಸ್ ಹಾಕಿದರೆ ನೆಲ ಅರ್ಧ ಮುಕ್ಕಾಲು ಇಂಚು ಏರುತ್ತದೆ. ಬಾಗಿಲು ಉಜ್ಜುತ್ತದೆ.

ಹಳೆ ಮನೆಗಳ ಕೆಂಪು ನೆಲದ ಬಗ್ಗೆ ಒಂದು ಮಾತು. ರೆಡ್ ಆಕ್ಸೈಡ್ ಹಾಕಿ ತಿಕ್ಕಿ ನುಣುಪು ಮಾಡಿದ ನೆಲಕ್ಕೆ ಸಿಮೆಂಟ್ ಹಿಡಿಯುವುದಿಲ್ಲ. ಚಾಣದಿಂದ ಒತ್ತೊತ್ತಾಗಿ ಗುಳಿ ಹೊಡೆದು, ಧೂಳು ತೊಳೆದು, ಆಮೇಲೆ ಹಾಕಬೇಕು. "ಅದೆಲ್ಲ ಬೇಡ, ಹಾಗೇ ಕೂರ್ತದೆ" ಅನ್ನುವವರನ್ನು ಬಿಟ್ಟುಬಿಡಿ. ಬಿರುಕಿಲ್ಲದ ಒಳ್ಳೆಯ ಕೆಂಪು ನೆಲ ಇದ್ದರೆ ಅದನ್ನು ಮುಚ್ಚಲೇಬೇಕಾ ಎಂದೂ ಒಮ್ಮೆ ಯೋಚಿಸಿ. ನಮ್ಮ ಜಗುಲಿಯ ನೆಲವನ್ನು ನಾವು ಮುಟ್ಟಲಿಲ್ಲ.

ಇನ್ನು ಮುಖ್ಯವಾದ ಪ್ರಶ್ನೆ: ಟೈಲ್ಸನ್ನು ಯಾವುದರಿಂದ ಕೂರಿಸುತ್ತೀರಿ? ಇದಕ್ಕೆ ಬರುವ ಉತ್ತರದಿಂದ ಅರ್ಧ ವಿಷಯ ತಿಳಿಯುತ್ತದೆ. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ಸ್ ನೀರು ಹೀರುತ್ತದೆ. ನೀರಿನಲ್ಲಿ ನೆನೆಸಿ ಸಿಮೆಂಟ್ ಹಾಲಿನಿಂದ ಕೂರಿಸಿದರೆ ಹಿಡಿಯುತ್ತದೆ. ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಬಿಸಿಯಲ್ಲಿ ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ್ದು, ಹಾಗಲ್ಲ. ಅದು ಹೀರುವ ನೀರು ಅದರ ತೂಕದ ಶೇಕಡಾ 0.5ರಷ್ಟೂ ಇಲ್ಲ. ಬರೀ ಸಿಮೆಂಟಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅದಕ್ಕೇ ಟೈಲ್ಸ್ ಅಂಟು ಬೇಕು. ಚೀಲದ ಮೇಲೆ ಐಎಸ್ 15477 ಎಂಬ ಗುರುತು (ಟೈಲ್ಸ್ ಅಂಟಿನ ಭಾರತೀಯ ಮಾನಕದ ಸಂಖ್ಯೆ) ಮತ್ತು ಟೈಪ್ ಎಷ್ಟು ಎಂದು ಬರೆದಿರುತ್ತದೆ. ಟೈಪ್ 1 ಮನೆಯೊಳಗಿನ ನೆಲದ ಸೆರಾಮಿಕ್ ಟೈಲ್ಸಿಗೆ. ವಿಟ್ರಿಫೈಡ್‌ಗೆ, ಗೋಡೆಗೆ, ಹೊರಗಿನ ಜಾಗಕ್ಕೆ ಅದಕ್ಕಿಂತ ಮೇಲಿನ ಟೈಪ್ ತರಬೇಕು. ನೆಲ ಸಮವಾಗಿದ್ದರೆ 20 ಕೆ.ಜಿ. ಚೀಲ ಸುಮಾರು 50 ಚದರ ಅಡಿಗೆ ಬರುತ್ತದೆ. ಏರುತಗ್ಗು ಇದ್ದರೆ ಅಂಟು ಜಾಸ್ತಿ ತಿನ್ನುತ್ತದೆ.

ಅಂಟು ತಂದರೆ ಸಾಲದು, ಹಚ್ಚುವ ರೀತಿಯೂ ಸರಿ ಇರಬೇಕು. ಮೂಲೆಗೊಂದು, ನಡುವೆ ಒಂದು ಮುದ್ದೆ ಇಟ್ಟು ಟೈಲ್ಸ್ ಒತ್ತಿಬಿಡುವವರಿದ್ದಾರೆ. ಮುದ್ದೆ ಮುದ್ದೆಗಳ ನಡುವೆ ಖಾಲಿ ಉಳಿಯುತ್ತದೆ. ಮುಂದೆ ಎಂದೋ ಕಲ್ಲುಗುಂಡು ಬಿದ್ದಾಗ ಅಲ್ಲೇ ಒಡೆಯುತ್ತದೆ. ಹಲ್ಲಿರುವ ಕರಣೆಯಿಂದ ನೆಲದ ತುಂಬ ಗೆರೆ ಗೆರೆಯಾಗಿ ಎಳೆದು ಕೂರಿಸಬೇಕು. ನಾಲ್ಕು ಅಡಿ ಉದ್ದದ ದೊಡ್ಡ ಟೈಲ್ಸ್ ಆದರೆ ಅದರ ಬೆನ್ನಿಗೂ ಹಚ್ಚಬೇಕು.

ಮರಳು, ನೀರು ಮತ್ತು ಉಪ್ಪು

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. ತಂಗಿಯ ಮನೆ ಸಮುದ್ರಕ್ಕೆ ಕೂಗಳತೆಯಲ್ಲಿದೆ. ಅವಳ ಹಳೆಯ ಅಡುಗೆಮನೆಯಲ್ಲಿ ಟೈಲ್ಸ್ ಸಂದುಗಳಿಂದ ಬಿಳಿ ಪುಡಿ ಬರುತ್ತಿತ್ತು. ಎಷ್ಟು ಒರೆಸಿದರೂ ಮತ್ತೆ ಬರುತ್ತಿತ್ತು. ಅದು ಉಪ್ಪು. ಹೊಳೆ ಸಮುದ್ರ ಸೇರುವ ಕಡೆಯ ಮರಳಿನಲ್ಲಿ ಉಪ್ಪಿರುತ್ತದೆ. ದಂಡೆಯ ಕೆಲವು ಬಾವಿಗಳ ನೀರೂ ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅಂಥ ಮರಳು, ನೀರಿನಲ್ಲಿ ಗಾರೆ ಕಲೆಸಿದರೆ ತೇವ ಮೇಲೆ ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಎರಡನೇ ಸಲ ನಾವು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು ತರಿಸಿ, ಕುಡಿಯುವ ನೀರಿನಲ್ಲೇ ಕಲೆಸಿದೆವು. ಮೋರಿಯ ಸ್ಟೀಲ್ ಜಾಲರಿ ತರುವಾಗಲೂ ಅಗ್ಗದ್ದು ಬೇಡ. ಉಪ್ಪು ಗಾಳಿಗೆ ಬೇಗ ತುಕ್ಕು ಬರುತ್ತದೆ. ಉಪ್ಪನ್ನು ಹೆಚ್ಚು ತಾಳುವ 316 ದರ್ಜೆಯ ಸ್ಟೀಲ್ ಸಿಕ್ಕರೆ ಅದನ್ನೇ ತನ್ನಿ.

ಲೆಕ್ಕ ಮತ್ತು ಚೀಟಿ

ಎಷ್ಟು ಟೈಲ್ಸ್ ಬೇಕು ಎಂಬುದನ್ನು ನೀವೂ ಒಮ್ಮೆ ಲೆಕ್ಕ ಹಾಕಿ. 12 ಅಡಿಗೆ 14 ಅಡಿ ಕೋಣೆ ಅಂದರೆ 168 ಚದರ ಅಡಿ. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಸುಮಾರು 185. ಎರಡಡಿಗೆ ಎರಡಡಿ ಟೈಲ್ಸಿನ ನಾಲ್ಕರ ಪೆಟ್ಟಿಗೆ 15.5 ಚದರ ಅಡಿ ಬರುತ್ತದೆ. ಅಲ್ಲಿಗೆ 12 ಪೆಟ್ಟಿಗೆ. ಗೋಡೆಯ ಬುಡದ ಸ್ಕರ್ಟಿಂಗ್‌ಗೆ ಇನ್ನೂ ಎರಡು. ಎಲ್ಲ ಪೆಟ್ಟಿಗೆಯ ಮೇಲೂ ಬ್ಯಾಚ್ ನಂಬರ್ ಒಂದೇ ಇರಬೇಕು. ದೇಶದ ಟೈಲ್ಸಿನಲ್ಲಿ ಹೆಚ್ಚಿನ ಪಾಲು ಗುಜರಾತಿನ ಮೋರ್ಬಿಯಲ್ಲಿ ತಯಾರಾಗುತ್ತದೆ. ಅಷ್ಟು ದೂರದಿಂದ ಬರುವ ಮಾಲು, ನಡುವೆ ಎರಡು ಪೆಟ್ಟಿಗೆ ಕಡಿಮೆ ಬಿದ್ದರೆ ಅದೇ ಬ್ಯಾಚ್ ಮತ್ತೆ ಸಿಗುತ್ತದೆ ಎಂಬ ನಂಬಿಕೆ ಇಲ್ಲ. ಬೇರೆ ಬ್ಯಾಚ್ ತಂದರೆ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದೀತು, ನೆಲಕ್ಕೆ ಹಾಕಿದ ಮೇಲೆ ಅದು ಎದ್ದು ಕಾಣುತ್ತದೆ.

ಕೂಲಿಯ ಮಾತು ಚೀಟಿಯಲ್ಲಿ ಬರೆದಿಡಿ. ಬರೆಯುವುದು ಅಪನಂಬಿಕೆಯಲ್ಲ, ಇಬ್ಬರಿಗೂ ನೆನಪಿಗೆ. ನೆಲಕ್ಕೆ ಚದರ ಅಡಿಗೆ ಎಷ್ಟು, ಗೋಡೆಗೆ ಎಷ್ಟು, ಸ್ಕರ್ಟಿಂಗ್ ಮತ್ತು ಮೆಟ್ಟಿಲ ಅಂಚಿಗೆ ಅಡಿಗೆ ಎಷ್ಟು. ಹಳೆ ನೆಲ ಒಡೆಯುವುದು, ಒಡೆದದ್ದನ್ನು ಹೊರಗೆ ಸಾಗಿಸುವುದು ಯಾರು. ಸಂದು ತುಂಬುವುದು ಅದೇ ರೇಟಿನಲ್ಲಿ ಬಂತಾ, ಬೇರೆಯಾ. ಜಗಳ ಆಗುವುದು ಯಾವಾಗಲೂ ಇಂಥ ಬಿಟ್ಟುಹೋದ ಮಾತಿಗೆ. ಪೇಟೆಯಿಂದ ದೂರದ ಹಳ್ಳಿಯಾದರೆ ಊಟ, ಚಹಾ, ಉಳಿಯುವ ಜಾಗ, ಸಂಜೆಯ ಬಸ್ಸು ಇವನ್ನೂ ಮೊದಲೇ ಮಾತಾಡಿ. ಐದು ಗಂಟೆಯ ಬಸ್ಸಿಗೆ ಓಡಬೇಕಾದವರ ಕೈಯಲ್ಲಿ ಕೊನೆಯ ನಾಲ್ಕು ಟೈಲ್ಸ್ ಸರಿಯಾಗಿ ಕೂರುವುದಿಲ್ಲ.

ದುಡ್ಡನ್ನು ಕೆಲಸ ನಡೆದ ಹಾಗೆ ಕಂತಿನಲ್ಲಿ ಕೊಡಿ. ಶುರುವಿಗೆ ಸ್ವಲ್ಪ, ನಡುವೆ ಆದ ಕೆಲಸದ ಅಳತೆಯಂತೆ. ನೂರಕ್ಕೆ ಹತ್ತರಷ್ಟನ್ನು ಹತ್ತು ದಿನ ಬಳಸಿ ನೋಡಿದ ಮೇಲೆ ಕೊಡುತ್ತೇನೆ ಎಂದು ಮೊದಲ ದಿನವೇ ಹೇಳಿಬಿಡಿ. ಹೇಳಿದ ದಿನಕ್ಕೆ ತಪ್ಪದೆ ಕೊಡಿ.

ಕೆಲಸ ನಡೆಯುವಾಗ

ಬಚ್ಚಲಿನಿಂದಲೇ ಶುರು ಮಾಡೋಣ. ಟೈಲ್ಸ್ ನೀರನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಸಂದಿನಿಂದ ನೀರು ಇಳಿಯುತ್ತದೆ, ಅದನ್ನು ತಡೆಯಬೇಕಾದದ್ದು ಅಡಿಯಲ್ಲಿ ಹಚ್ಚುವ ವಾಟರ್‌ಪ್ರೂಫಿಂಗ್. ಅದು ಒಣಗಿದ ಮೇಲೆ ಮೋರಿಗೆ ಬಟ್ಟೆ ತುರುಕಿ, ನೀರು ಕಟ್ಟಿ, 24 ಗಂಟೆಯಾದರೂ ಬಿಡಿ. ಕೆಳಗಿನ ಚಾವಣಿಯಲ್ಲಿ, ಪಕ್ಕದ ಗೋಡೆಯಲ್ಲಿ ತೇವ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ.

ಆಮೇಲೆ ವಾಟ. ಎಂಟು ಅಡಿ ಉದ್ದದ ಬಚ್ಚಲಿಗೆ ಒಂದು ಇಂಚು ಇಳಿಜಾರು ಸಾಕು. ಜಾಸ್ತಿ ಕೊಟ್ಟರೆ ವಯಸ್ಸಾದವರಿಗೆ ನಿಲ್ಲಲು ಕಷ್ಟ. ಮೋರಿ ಬಾಗಿಲಿನಿಂದ ದೂರದ ಮೂಲೆಯಲ್ಲಿರಲಿ. ಟೈಲ್ಸ್ ಕೂರಿಸುವ ಮೊದಲೇ ಬಾಗಿಲಿನಿಂದ ಮೋರಿಗೆ ದಾರ ಕಟ್ಟಿಸಿ, ಅಳತೆ ತೋರಿಸಿ ಎಂದು ಕೇಳಿ. ಎರಡು ನಿಮಿಷದ ಈ ಕೆಲಸವನ್ನು ಆರು ವರ್ಷದ ಹಿಂದೆ ನಾನು ಕೇಳಿದ್ದರೆ ಅತ್ತೆಯ ಕೈ ಉಳಿಯುತ್ತಿತ್ತು.

ಬಚ್ಚಲ ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡವೇ ಬೇಡ, ತರಿತರಿ ಇರುವುದನ್ನು ತನ್ನಿ. ಮಳೆ ಹಿಡಿಯುವ ದಿನಗಳಲ್ಲಿ ನಮ್ಮಲ್ಲಿ ನೆಲವೇ ಬೆವರುತ್ತದೆ. ಆಗ ನಡುಮನೆಯಲ್ಲೂ ಜಾರುತ್ತದೆ. ನೀರು ಕಾಯಿಸುವ ಒಲೆ, ಹಂಡೆ ಇನ್ನೂ ಇದ್ದರೆ ಒಲೆಯ ಸುತ್ತ ಟೈಲ್ಸ್ ಹಾಕಿಸಬೇಡಿ. ಬಿಸಿಗೆ ಬಿರುಕು ಬಿಟ್ಟು ಏಳುತ್ತದೆ. ಅಲ್ಲಿ ಕಲ್ಲೇ ಇರಲಿ. ಅಂಗಳದ ಮೆಟ್ಟಿಲಿಗೂ ಹಾಗೆಯೇ, ನುಣುಪು ಟೈಲ್ಸಿನ ಮೇಲೆ ಪಾಚಿ ಕಟ್ಟಿದರೆ ಕಾಲಿಡಲು ಆಗುವುದಿಲ್ಲ.

ಕೋಣೆಯಲ್ಲಿ ಮೊದಲ ಸಾಲನ್ನು ಅಂಟಿಲ್ಲದೆ ಬರಿದೇ ಜೋಡಿಸಿ ತೋರಿಸಲು ಹೇಳಿ. ಹಳೆ ಮನೆಗಳ ಕೋಣೆ ಚೌಕ ಇರುವುದು ಅಪರೂಪ. ಮೂಲೆಯಿಂದ ಒಂದು ಗೋಡೆಗೆ ಮೂರು ಅಡಿ, ಇನ್ನೊಂದಕ್ಕೆ ನಾಲ್ಕು ಅಡಿ ಗುರುತು ಮಾಡಿ. ಎರಡು ಗುರುತಿನ ನಡುವೆ ಐದು ಅಡಿ ಬಂದರೆ ಮೂಲೆ ಸರಿ. ಬರದಿದ್ದರೆ ಕತ್ತರಿಸಿದ ತುಂಡುಗಳು ಯಾವ ಕಡೆ ಬರಬೇಕು ಎಂದು ಆಗಲೇ ತೀರ್ಮಾನಿಸಿ. ಮಂಚದ ಅಡಿಗೆ ಬರಲಿ, ಬಾಗಿಲ ಎದುರಿಗೆ ಬೇಡ. ಸಂದು ಬಿಡದೆ ಒತ್ತಿ ಕೂರಿಸಿ ಎಂದು ನೀವೇ ಒತ್ತಾಯ ಮಾಡಬೇಡಿ. ಎರಡು ಮಿ.ಮೀ. ಆದರೂ ಸಂದು ಬೇಕು.

ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶವನ್ನೇ ತಿನ್ನುತ್ತದೆ. ಅಂಗಳದಲ್ಲಿ, ನೀರು ಬಿಡುತ್ತಾ ಕತ್ತರಿಸಲು ಜಾಗ ಮಾಡಿಕೊಡಿ. ಮಾಸ್ಕ್, ಕನ್ನಡಕ ನೀವೇ ತಂದಿಟ್ಟರೆ ಇನ್ನೂ ಒಳ್ಳೆಯದು. ನಮ್ಮ ಮನೆ ನೆಲಕ್ಕಾಗಿ ಅವರ ಎದೆ ಹಾಳಾಗಬಾರದು.

ಕೂರಿಸಿದ ಮೇಲೆ ಒಂದು ದಿನ ಯಾರೂ ಮೇಲೆ ನಡೆಯಬಾರದು. ಸಂದು ತುಂಬುವುದೂ ಆಮೇಲೆಯೇ. ಅದಕ್ಕಿಂತ ಮೊದಲು ಒಂದೊಂದು ಟೈಲ್ಸನ್ನೂ ತಟ್ಟಿ, ಟೊಳ್ಳು ಕೇಳಿದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಈಗಲಾದರೆ ಕಿತ್ತು ಹಾಕುವುದು ಸುಲಭ. ಕಲೆ ತೆಗೆಯಲು ಆ್ಯಸಿಡ್ ಸುರಿಯಲು ಬಿಡಬೇಡಿ, ಅದು ಸಂದಿನ ಸಿಮೆಂಟನ್ನೇ ತಿನ್ನುತ್ತದೆ.

ಉಳಿದ ಟೈಲ್ಸನ್ನು ಅಂಗಡಿಗೆ ವಾಪಸ್ ಕೊಡದೆ ಅಟ್ಟದ ಮೇಲಿಡಿ. ಪೆಟ್ಟಿಗೆಯ ಬ್ಯಾಚ್ ನಂಬರ್, ಅಂಟಿನ ಮತ್ತು ಸಂದು ತುಂಬಿದ ಪುಡಿಯ ಹೆಸರು, ಮೇಸ್ತ್ರಿಯ ಫೋನ್ ನಂಬರ್ ಇವನ್ನು ಬಿಲ್ಲಿನ ಹಿಂದೆ ಬರೆದು ಅದರ ಜೊತೆಗೇ ಕಟ್ಟಿಡಿ.