ಸೈಕ್ಲಿನ್ ಇ ಕರಗುವುದನ್ನು ಮೈಸೂರಲ್ಲೇ ಹಿಡಿದೆ

ಡಿಎನ್‌ಎ ನಕಲಿಗೆ ಚಾಲನೆ ಕೊಡುವ ಸೈಕ್ಲಿನ್ ಇ ಅನ್ನುವ ಪ್ರೋಟೀನ್ ಕೋಶದಲ್ಲಿ ಎಷ್ಟು ಬೇಗ ಕರಗುತ್ತದೆ ಅಂತ ನಮ್ಮ ಲ್ಯಾಬಲ್ಲೇ ಅಳೆಯಲು ಹೊರಟಿದ್ದೆ. "ಸುಮ್ನೆ ದುಡ್ಡು ಹಾಳು, ಸ್ಯಾಂಪಲ್ ಬೆಂಗಳೂರಿಗೆ ಕಳಿಸಮ್ಮ" ಅಂತ ಸೀನಿಯರ್‌ಗಳು ಹೇಳುತ್ತಲೇ ಇದ್ದರು. ಹದಿನಾಲ್ಕು ತಿಂಗಳು ಹಿಡಿಯಿತು. ಹೋದ ವಾರ ಬ್ಲಾಟ್ (ಪ್ರೋಟೀನ್ ಎಷ್ಟಿದೆ ಅಂತ ಪೊರೆಯ ಮೇಲೆ ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ) ತಂದು ಅವರ ಮುಂದೆಯೇ ಇಟ್ಟೆ.

ಸೈಕ್ಲಿನ್ ಇ ಅನ್ನು ವಿಲೇವಾರಿಗೆ ಗುರುತು ಮಾಡಿಸುವ ಎಫ್‌ಬಿಡಬ್ಲ್ಯು7 ಜೀನ್ ಸರಿಯಿರುವ ಎಚ್‌ಸಿಟಿ116 ಅನ್ನುವ ಕರುಳಿನ ಕ್ಯಾನ್ಸರ್ ಕೋಶಗಳು ಒಂದು ಕಡೆ, ಆ ಜೀನ್ ತೆಗೆದವು ಇನ್ನೊಂದು ಕಡೆ. ಮೊದಲನೆಯದರಲ್ಲಿ ಸೈಕ್ಲಿನ್ ಇ ಬೇಗ ಕರಗಬೇಕು, ಎರಡನೆಯದರಲ್ಲಿ ಉಳಿಯಬೇಕು. ಕೆಲಸ ಮುಗಿದ ಮೇಲೂ ಅದು ಉಳಿದರೆ ಡಿಎನ್‌ಎ ನಕಲು ಹದ ತಪ್ಪುತ್ತದೆ, ಕ್ರೋಮೋಸೋಮ್ ಹಂಚಿಕೆ ಕೆಡುತ್ತದೆ. ಕರುಳಿನ ಕ್ಯಾನ್ಸರ್‌ನಲ್ಲಿ ಕೆಲವೊಮ್ಮೆ ಈ ಜೀನ್ ಕೆಟ್ಟಿರುತ್ತದೆ. ಹೆಚ್ಚಿನವರು ಆರ್‌ಎನ್‌ಎ ಅಳೆಯುತ್ತಾರೆ. ಅದು ತಯಾರಿಯ ಸುಳಿವಷ್ಟೇ. ತಯಾರಿ ಜಾಸ್ತಿಯಾಗದಿದ್ದರೂ, ವಿಲೇವಾರಿ ನಿಂತರೆ ಪ್ರೋಟೀನ್ ಏರುತ್ತದೆ ಅಲ್ವಾ?

ಸೈಕ್ಲೋಹೆಕ್ಸಿಮೈಡ್ ಕೊಟ್ಟು ಹೊಸ ಪ್ರೋಟೀನ್ ತಯಾರಿ ನಿಲ್ಲಿಸಿ, ಇದ್ದದ್ದು ಎಷ್ಟು ಬೇಗ ಕರಗುತ್ತದೆ ಅಂತ ನೋಡುವುದು ವಿಧಾನ. ಮೊದಲ ಐದು ಸಲ ಎರಡೂ ಕಡೆ ಬ್ಯಾಂಡ್ ಒಂದೇ ಥರ. ಸೈಕ್ಲಿನ್ ಇ ಗುರುತಿಸುವ ಆ್ಯಂಟಿಬಾಡಿ ಮೇಲೆ ಅನುಮಾನ ಪಟ್ಟು ಹೊಸದು ತರಿಸಿದೆ. ನಲವತ್ತೈದು ಸಾವಿರದ ಹತ್ತಿರ, ಬರುವುದಕ್ಕೆ ಆರು ವಾರ. ಅದರಲ್ಲೂ ಅದೇ ಕಥೆ. ಒಂದು ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಯಿತು, ಇಡೀ ಬ್ಯಾಚ್ ಹೋಯಿತು. ಅವತ್ತು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಅತ್ತಿದ್ದೇನೆ.

ಆಮೇಲೆ ಅದೇ ಬ್ಲಾಟ್ ಪೊರೆಯಲ್ಲಿ ಪಿ53 ಅನ್ನುವ ಇನ್ನೊಂದು ಪ್ರೋಟೀನ್ ನೋಡಿದೆ. ಸುಮಾರು ಇಪ್ಪತ್ತು ನಿಮಿಷಕ್ಕೆ ಅರ್ಧವಾಗುವ ಪ್ರೋಟೀನ್ ಅದು. ಅದೂ ಇಳಿದಿರಲಿಲ್ಲ! ಅಂದರೆ ಸೈಕ್ಲೋಹೆಕ್ಸಿಮೈಡೇ ಸತ್ತಿತ್ತು. ಕ್ಷಾರದಲ್ಲಿ ಅದು ಬೇಗ ಹಾಳಾಗುತ್ತದೆ, ನಮ್ಮ ಹಳೇ ಸ್ಟಾಕ್‌ನ ಪಿಎಚ್ ಯಾರೂ ನೋಡಿರಲಿಲ್ಲ. ಹೊಸ ಪುಡಿಗೆ ಆರೇಳು ಸಾವಿರ ಆಯಿತು. ಆ್ಯಂಟಿಬಾಡಿಗೆ ಮುಂಚೆ ಇದನ್ನು ತರಿಸಬೇಕಿತ್ತು.

ಇನ್ನೊಂದು ತೊಡಕು ಕೋಶಗಳು ಹೆಜ್ಜೆ ಸೇರದಿರುವುದು, ಅಂದರೆ ವಿಭಜನೆಯ ಬೇರೆ ಬೇರೆ ಹಂತದಲ್ಲಿರುವುದು. ಎರಡು ಸಲ ಥೈಮಿಡಿನ್ ಕೊಟ್ಟು, ಡಿಎನ್‌ಎ ನಕಲು ಶುರುವಾಗುವ ಹಂತದಲ್ಲೇ ಎಲ್ಲವನ್ನೂ ತಡೆದು, ಆಮೇಲೆ ಒಟ್ಟಿಗೆ ಬಿಟ್ಟೆ. ಬಿಟ್ಟ ಎಷ್ಟು ನಿಮಿಷಕ್ಕೆ ಎಣಿಕೆ ಶುರು ಮಾಡಿದೆ ಅನ್ನುವುದನ್ನು ನನ್ನ ಪೇಪರ್ ಬರುವವರೆಗೆ ಹೇಳುವುದಿಲ್ಲ. ಕೋಶ ಒಡೆಯುವ ದ್ರಾವಣವಾದ ಲೈಸಿಸ್ ಬಫರ್‌ನಲ್ಲೂ ಒಂದು ಗುಟ್ಟಿದೆ.

ಮಧ್ಯೆ, ಕೋಶದಲ್ಲಿ ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಅನ್ನು ತಡೆಯುವ ಎಂಜಿ132 ಉಳಿದಿತ್ತು, ಅದನ್ನು ದೇವರಾಜ ಮಾರುಕಟ್ಟೆಯ ಈರುಳ್ಳಿ ಬೇರಿಗೂ ಹಾಕಿ ನೋಡಿದೆ. ಕೋಶಗಳು ಕ್ರೋಮೋಸೋಮ್‌ಗಳು ಮಧ್ಯಕ್ಕೆ ಸಾಲುಗಟ್ಟುವ ಮೆಟಾಫೇಸ್‌ನಲ್ಲೇ ಗುಂಪಾಗಿ ನಿಂತವು. ಪ್ರೋಟಿಯಾಸೋಮ್ ಕೈಕೊಟ್ಟರೆ ಗಿಡದ ಕೋಶಕ್ಕೂ ಮುಂದಕ್ಕೆ ಹೋಗಲಾಗುವುದಿಲ್ಲ. ಎಂಎಸ್ಸಿ ಹುಡುಗರು ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ.

ಈಗ ಜೀನ್ ಸರಿಯಿರುವ ಕೋಶದಲ್ಲಿ ಸೈಕ್ಲಿನ್ ಇ ಹೆಚ್ಚುಕಮ್ಮಿ ಅರ್ಧ ಗಂಟೆಗೆ ಅರ್ಧವಾಗುತ್ತದೆ. ಜೀನ್ ಇಲ್ಲದ್ದರಲ್ಲಿ ಎರಡು ಗಂಟೆಯಾದರೂ ಮುಕ್ಕಾಲು ಪಾಲು ಹಾಗೇ ಇದೆ. ಸರಿಯಿರುವ ಕೋಶಕ್ಕೆ ಎಂಜಿ132 ಕೊಟ್ಟರೆ ಅಲ್ಲೂ ನಿಲ್ಲುತ್ತದೆ. ಮೂರು ಸಲ ಮಾಡಿದೆ, ಮೂರು ಸಲವೂ ಬಂತು. ಒಟ್ಟು ಖರ್ಚು ಒಂದೂಮುಕ್ಕಾಲು ಲಕ್ಷ, ಅದರಲ್ಲಿ ಅರ್ಧ ಆ ಮೊದಲ ಐದು ಸಲಕ್ಕೇ ಹೋಗಿತ್ತು.