ಕಲ್ಲುಗೋಡೆ ಮನೆಗೆ ನಾನೇ ಗೀಸರ್ ಕೂರ್ಸಿದ್ದು

ನಮ್ದು ಶಿಡ್ಲಘಟ್ಟದ ಹತ್ರ ಹಳ್ಳಿ, ತಾತನ ಕಾಲದ ಕಲ್ಲುಗೋಡೆ ಮನೆ, ಮೇಲೆ ಚಪ್ಪಡಿ. ಇಷ್ಟ್ ದಿನ ಬಚ್ಚಲಲ್ಲಿ ಹಂಡೆ ಇತ್ತು, ಹುಳಕ್ಕೆ ಸೊಪ್ಪು ಬಿಡಿಸಿ ಉಳಿದ ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಸೌದೆ, ಇಷ್ಟ್ರಲ್ಲೇ ನಡೀತಿತ್ತು. ಅಮ್ಮಂಗೆ ಹೊಗೆ ಆಗಲ್ಲ ಅಂತ 15 ಲೀಟರಿಂದು 2000 ವ್ಯಾಟ್ ಗೀಸರ್ ತಂದೆ. ಎಲ್ರೂ ಪೈಪ್ ಕೆಲ್ಸಾನೇ ಕಷ್ಟ ಅಂದ್ಕೊಂಡಿರ್ತಾರೆ, ನನ್ನ ಕೇಳಿದ್ರೆ ಗೋಡೆ ಮತ್ತೆ ಅರ್ತಿಂಗು (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಲೈನು) ಎರಡು ಸರಿ ಇದ್ರೆ ಮುಕ್ಕಾಲು ಕೆಲಸ ಮುಗೀತು.

ಖಾಲಿ ಗೀಸರ್ ಹಗುರ, ನೀರು ತುಂಬಿದ್ರೆ ಅದಕ್ಕೇ 15 ಕೆಜಿ ಸೇರುತ್ತೆ. ನಮ್ಮಂಥ ಗೋಡೇಲಿ ಮೇಲೆ ಸಿಮೆಂಟ್ ಪ್ಲಾಸ್ಟ್ರಿಂಗ್ ಕಾಣುತ್ತೆ ಅಷ್ಟೇ, ಒಳಗೆ ಕಲ್ಲಿನ ಸಂದಿಯಲ್ಲೆಲ್ಲ ಬರೀ ಕೆಮ್ಮಣ್ಣು, ಅಲ್ಲಿ ಗೀಸರ್ ನೇತಾಕೋ ಬೋಲ್ಟು, ಅಂದ್ರೆ ಫಾಸ್ಟ್ನರ್ ಹೊಡೆದ್ರೆ ಕೈಯಲ್ಲೇ ಬಂದ್ಬಿಡುತ್ತೆ. ಅದಕ್ಕೆ ಮೊದ್ಲು ಸುತ್ತಿಗೆ ತಗೊಂಡು ಗೋಡೆ ಪೂರ್ತಿ ತಟ್ಕೊಂಡು ಹೋದೆ, ಕಲ್ಲಿದ್ದ ಕಡೆ ಠಣ್ ಅನ್ನುತ್ತೆ, ಸಂದಿ ಬಂದ್ರೆ ಸದ್ದು ಮೆತ್ತಗಾಗುತ್ತೆ, ಸೀಮೆಸುಣ್ಣದಲ್ಲಿ ಗುರುತು ಮಾಡಿ ಎರಡು ತೂತೂ ಕಲ್ಲಿಗೇ ಬೀಳೋ ಥರ ಜಾಗ ಹುಡುಕಿದೆ. ಮಾಮೂಲಿ ಡ್ರಿಲ್ಲು ನಮ್ಮ ಕಡೆ ಕಲ್ಲಿಗೆ ಏನೂ ಮಾಡಲ್ಲ, ರೋಟರಿ ಹ್ಯಾಮರ್ ಬಾಡಿಗೆಗೆ ತಂದು, ಡ್ರಿಲ್ ಬಿಟ್ ಕಾದಾಗೆಲ್ಲ ನಿಲ್ಲಿಸಿ ಆರಿಸಿ ನಿಧಾನಕ್ಕೆ ಕೊರೆದೆ. ಹಾಲೋ ಬ್ಲಾಕ್ ಗೋಡೆ ಇರೋರು ಈ ಫಾಸ್ಟ್ನರ್ ನಂಬ್ಬೇಡಿ, ಆಚೆ ಕಡೆಗೂ ತೂರಿಸಿ ಪ್ಲೇಟ್ ಹಾಕಿ ಬೋಲ್ಟ್ ಬಿಗೀಬೇಕು.

ಕರೆಂಟಿಂದು ಹೇಳ್ತೀನಿ. 2000 ವ್ಯಾಟ್ ಅಂದ್ರೆ 230 ವೋಲ್ಟಿಗೆ ಹತ್ರ ಹತ್ರ 9 ಆಂಪಿಯರ್, ಮೊಬೈಲ್ ಚಾರ್ಜ್ ಹಾಕೋ ಪ್ಲಗ್ಗಿಗೆ ಸಿಗ್ಸಬಾರ್ದು. ಬೋರ್ಡಿಂದ ಬೇರೆ ಲೈನು, 2.5 ಎಂಎಂ ತಾಮ್ರದ ವೈರು, 16 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು), ಪವರ್ ಸಾಕೆಟ್ಟು. ಬೋರ್ಡ್ ಒಳಗಿನ ಕೆಲ್ಸ ಮಾತ್ರ ನಮ್ಮೂರ ಎಲೆಕ್ಟ್ರಿಷಿಯನ್ ಅಣ್ಣನೇ ಮಾಡಿದ್ದು, ಅದರಲ್ಲಿ ನಾನು ಕೈ ಹಾಕಲ್ಲ. ಅವರೇ ಟೆಸ್ಟ್ ಲ್ಯಾಂಪ್ ಹಿಡಿದು ತೋರಿಸಿದ್ರು, ಫೇಸಿಗೂ ನ್ಯೂಟ್ರಲ್ಲಿಗೂ ಇಟ್ರೆ ಜೋರಾಗಿ ಉರೀತು, ಫೇಸಿಗೂ ಅರ್ತಿಗೂ ಇಟ್ರೆ ಮಿಣಮಿಣ ಅಂತು. "ನೋಡಪ್ಪಾ, ಅರ್ತ್ ಗುಂಡಿ ಒಣಗೋಗಿದೆ, ಇದ್ರ ಮೇಲೆ ಗೀಸರ್ ಹಾಕ್ಬೇಡ" ಅಂದ್ರು. ಗುಂಡಿ ತೋಡಿಸಿ ಹೊಸ ಪೈಪು, ಇದ್ದಿಲು, ಉಪ್ಪು ಹಾಕಿ ನೀರು ಬಿಟ್ಮೇಲೆ ಎರಡು ಕಡೆನೂ ಒಂದೇ ಥರ ಉರೀತು. ಅದಾದ್ಮೇಲೇ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್ಚು) ಹಾಕಿದ್ರು. ಒದ್ದೆ ಮೈಯಲ್ಲಿ ನಲ್ಲಿ ಮುಟ್ಟೋ ಜಾಗ, ಇಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ.

ಪೈಪಿಂದು ಬೇಗ ಮುಗೀತು. ನೀಲಿ ಗುರುತು ತಣ್ಣೀರು ಒಳಗೆ, ಕೆಂಪು ಬಿಸಿನೀರು ಆಚೆ, ಬಿಸಿ ಲೈನಿಗೆ ಬಿಸಿ ತಡ್ಕೊಳ್ಳೋ ಸಿಪಿವಿಸಿ ಪೈಪೇ ಬೇಕು. ತಣ್ಣೀರು ಬಾಯಿಗೆ ಡಬ್ಬದಲ್ಲೇ ಬರೋ ಸೇಫ್ಟಿ ವಾಲ್ವು, ಬಾಣದ ಗುರುತು ಗೀಸರ್ ಕಡೆ ಇರ್ಬೇಕು. ನೀರು ಕಾಯೋವಾಗ ಹಿಗ್ಗುತ್ತೆ, ಅದಕ್ಕೆ ವಾಲ್ವಿಂದ ತೊಟ್ಟು ತೊಟ್ಟು ಬೀಳುತ್ತೆ, ಲೀಕ್ ಅಂತ ಅದಕ್ಕೆ ಬಿರಡೆ ಹೊಡೆಯೋರನ್ನ ನೋಡಿದೀನಿ, ದಯವಿಟ್ಟು ಹಂಗ್ ಮಾಡ್ಬೇಡಿ, ಒಂದು ಸಣ್ಣ ಟ್ಯೂಬ್ ಹಾಕಿ ಬಚ್ಚಲಿಗೆ ಇಳಿಸಿ. ಆಮೇಲೆ ಬಿಸಿ ನಲ್ಲಿ ತೆಗೆದಿಟ್ಟು ನೀರು ಬಿಟ್ಟೆ, ಗಾಳಿ ಎಲ್ಲ ಬುಸ್ ಬುಸ್ ಅಂತ ಹೋಗಿ ಧಾರೆ ಒಂದೇ ಸಮ ಬಂದ್ಮೇಲೇ ಸ್ವಿಚ್ ಹಾಕಿದ್ದು, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ರೆ ಕಾಯಿಲ್ ಸುಟ್ಟೋಗುತ್ತೆ.

ನಮ್ಮ ಬೋರ್ ನೀರು ಎಷ್ಟು ಗಡಸು ಅಂದ್ರೆ ಹಂಡೆ ಒಳಗೆ ಬಿಳೀ ಪದರ ಕಟ್ಟಿ ಉಳಿಯಲ್ಲಿ ಕೆತ್ತಬೇಕಾಗಿತ್ತು, ಕಾಯಿಲ್ ಮೇಲೂ ಅದೇ ಕೂರುತ್ತೆ. ನೀರು ಜಾಸ್ತಿ ಕಾದಷ್ಟೂ ಜಾಸ್ತಿ ಕಟ್ಟೋದ್ರಿಂದ ಥರ್ಮೋಸ್ಟಾಟ್ 55 ಡಿಗ್ರಿ ಹತ್ರ ಇಟ್ಟಿದೀನಿ. ಕಾಯಿಲ್ಲೂ, ಟ್ಯಾಂಕ್ ತುಕ್ಕು ಹಿಡೀದಿರೋಕೆ ಇರೋ ಮೆಗ್ನೀಷಿಯಂ ರಾಡೂ ಕೆಳಗಡೆಯಿಂದಾನೇ ಬಿಚ್ಚೋದು, ಅದಕ್ಕೆ ಗೀಸರ್ ಕೆಳಗೆ ಕೈಯೂ ಸ್ಪ್ಯಾನರ್ರೂ ಆಡೋಷ್ಟು ಜಾಗ ಬಿಟ್ಟೇ ನೇತಾಕಿ, ನಮ್ಮ ಬಾಮೈದ ಕೆಳಗಿನ ಸಜ್ಜಾಕ್ಕೆ ಒತ್ತರಿಸಿ ಹಾಕ್ಸಿದಾನೆ, ಅವ್ನಿಗೆ ಈಗ ಸರ್ವೀಸ್ ಅಂದ್ರೆ ಇಡೀ ಗೀಸರ್ ಕೆಳಗಿಳಿಸೋದೇ.